ಊಟ ಮತ್ತು ನೋಟ

ಬೆಂಗಳೂರಿನಿಂದ ಹಾಸನದ ಕಡೆಗೆ ಸಾಗುವ ರಾಷ್ಟ್ರೀಯ ಹೆದ್ದಾರಿ 75ರಲ್ಲಿ ಕುಣಿಗಲ್, ಯಡಿಯೂರು ದಾಟಿದ ಮೇಲೆ ಬೆಳ್ಳೂರು ಕ್ರಾಸ್ ಸಿಗುತ್ತದೆ. ಮೈಸೂರು, ಶ್ರೀರಂಗಪಟ್ಟಣ, ಪಾಂಡವಪುರ, ನಾಗಮಂಗಲದ ಕಡೆಯಿಂದ ಬರುವ ರಸ್ತೆಯೂ ಇಲ್ಲೇ ಹೆದ್ದಾರಿಯನ್ನು ಕೂಡುತ್ತದೆ. ರಸ್ತೆಗಳು ಕೂಡುವಲ್ಲಿ ಹೋಟೆಲು ಹುಟ್ಟುವುದು ಸಹಜ. ಹಿಂದೆ ಇಂಥ ಕ್ರಾಸುಗಳಲ್ಲಿ ಬಸ್ಸಿನವರು, ಲಾರಿಯವರು, ಸಂತೆಗೆ ಹೊರಟವರು ಹಸಿದಾಗ ಇಳಿದು ಉಣ್ಣುತ್ತಿದ್ದರು. ಇಂದು ಹಸಿವಿಲ್ಲದವರೂ ಇಳಿಯುತ್ತಾರೆ. ರಜೆಯ ದಿನ ಊಟಕ್ಕೆಂದೇ ಕಾರು ಹೊರಡಿಸುವ ಕುಟುಂಬಗಳು ಹೆದ್ದಾರಿಯುದ್ದಕ್ಕೂ ಕಾಣಸಿಗುತ್ತವೆ. ತಟ್ಟೆ ಬಂದೊಡನೆ ಮೊದಲು ಮುಂದೆ ಬರುವುದು ಕೈಯಲ್ಲ, ಮೊಬೈಲು.

ಇದರಲ್ಲಿ ತಪ್ಪೇನಿದೆ ಎಂದು ಯಾರಾದರೂ ಕೇಳಬಹುದು. ಕೇಳಬೇಕಾದ ಪ್ರಶ್ನೆಯೇ ಅದು. ಹೊರಗೆ ಉಣ್ಣುವುದನ್ನೇ ಚಟವೆಂದು ಹಳಿಯುವ ಉಪದೇಶಕ್ಕೆ ಅರ್ಥವಿಲ್ಲ. ವರ್ಷವಿಡೀ ಒಲೆಯ ಮುಂದೆ ನಿಲ್ಲುವ ತಾಯಿಗೆ ಒಂದು ದಿನ ಬೇರೆಯವರು ಬಡಿಸಿದರೆ ಅದು ದುಂದಲ್ಲ, ನ್ಯಾಯ. ಮಕ್ಕಳ ಸಂತೋಷಕ್ಕೂ ಬೆಲೆಯಿದೆ. ಇಸ್ಲಾಮ್ ರುಚಿಯನ್ನು ನಿಷೇಧಿಸಿಲ್ಲ. ಉಣ್ಣಲು, ಕುಡಿಯಲು ಹೇಳುವ ಖುರ್‌ಆನ್ ಅದರ ಬೆನ್ನಿಗೇ ಮಿತಿ ಮೀರಬಾರದೆಂದು ಎಚ್ಚರಿಸುತ್ತದೆ. ಪ್ರಶ್ನೆ ಇರುವುದು ರುಚಿಯಲ್ಲಲ್ಲ. ಊಟವು ನೋಟವಾದಾಗ, ಅಂದರೆ ಉಣ್ಣುವುದಕ್ಕಿಂತ ತೋರಿಸುವುದೇ ಮುಖ್ಯವಾದಾಗ, ನಮ್ಮ ನಡುವಿನ ಸಂಬಂಧಕ್ಕೆ ಏನಾಗುತ್ತದೆ ಎಂಬಲ್ಲಿ.

ಮೊದಲು ಹೋಟೆಲಿಗೆ ಸಲ್ಲಬೇಕಾದ ಗೌರವವನ್ನು ಸಲ್ಲಿಸೋಣ. ನಮ್ಮ ದೇಶದಲ್ಲಿ ಯಾರು ಯಾರೊಂದಿಗೆ ಉಣ್ಣಬೇಕೆಂಬುದನ್ನು ಜಾತಿ ನಿರ್ಧರಿಸುತ್ತಿತ್ತು. ಇಪ್ಪತ್ತನೆಯ ಶತಮಾನದ ಆರಂಭದ ಹೋಟೆಲುಗಳಲ್ಲಿ ಬ್ರಾಹ್ಮಣರಿಗೆ ಪ್ರತ್ಯೇಕ ಕೋಣೆಗಳಿರುತ್ತಿದ್ದವು. ದಲಿತರಿಗೆ ಬೇರೆ ಲೋಟ ಇಡುವ ಕ್ರೂರ ಪದ್ಧತಿ ಹಳ್ಳಿಯ ಚಹಾ ಅಂಗಡಿಗಳಲ್ಲಿ ಬಹುಕಾಲ ಉಳಿಯಿತು. 1950ರಲ್ಲಿ ಜಾರಿಗೆ ಬಂದ ಸಂವಿಧಾನವು 15ನೇ ವಿಧಿಯಲ್ಲಿ ಅಂಗಡಿ, ಹೋಟೆಲು, ಉಪಾಹಾರ ಗೃಹ ಮತ್ತು ಮನರಂಜನೆಯ ತಾಣಗಳನ್ನು ಒಟ್ಟಿಗೆ ಹೆಸರಿಸಿ, ಧರ್ಮ, ಜಾತಿ, ಲಿಂಗ, ಹುಟ್ಟಿದ ಊರಿನ ಕಾರಣಕ್ಕೆ ಯಾರನ್ನೂ ಅಲ್ಲಿಂದ ದೂರವಿಡಬಾರದೆಂದು ಸಾರಿತು. ಬೃಹತ್ ದೇಶವೊಂದರ ಸಂವಿಧಾನ ಹೋಟೆಲನ್ನು ನೆನಪಿಟ್ಟುಕೊಂಡಿತೆಂದರೆ ಅದು ಸಣ್ಣ ಸಂಗತಿಯಲ್ಲ. ಪರಿಚಯವಿಲ್ಲದ ಇಬ್ಬರು ಒಂದೇ ಮೇಜಿನಲ್ಲಿ ಕೂತು, ಒಂದೇ ಪಾತ್ರೆಯ ಸಾರು ಸುರಿದುಕೊಂಡು ಉಣ್ಣುವುದು ನಮ್ಮ ಸಮಾಜದಲ್ಲಿ ಒಂದು ಮೌನ ಕ್ರಾಂತಿಯೇ ಆಗಿತ್ತು.

ಇಂದಿನ ಹೊಸ ಬಗೆಯ ರೆಸ್ಟೋರೆಂಟು ಈ ಮೇಜನ್ನು ಮತ್ತೆ ಬೇರ್ಪಡಿಸುತ್ತಿದೆ. ಇಲ್ಲಿ ಬೇಲಿ ಜಾತಿಯದಲ್ಲ, ಬೆಲೆಯದು. ಲಾಂದ್ರ, ಗಾಡಿಯ ಚಕ್ರ, ಮಣ್ಣಿನ ಬಣ್ಣದ ಗೋಡೆಗಳಿಂದ ಹಳ್ಳಿಯ ವೇಷ ತೊಟ್ಟ ಉಪಾಹಾರ ಗೃಹಗಳನ್ನು ನೋಡಿ. ಹಳ್ಳಿಯ ಮನುಷ್ಯ ಅಲ್ಲಿ ಬಡಿಸುವವನಾಗಿ ಇರಬಹುದು, ಉಣ್ಣುವವನಾಗಿ ಇರುವುದು ಅಪರೂಪ. ರಾಗಿಯ ಕಥೆಯೂ ಇದೇ. ಒಂದು ಕಾಲಕ್ಕೆ ಮುದ್ದೆ ಬಡವರ ಊಟವೆಂದು ಮೂಗು ಮುರಿದವರೇ ಹೆಚ್ಚು. ವಿಶ್ವಸಂಸ್ಥೆ 2023ನ್ನು ಸಿರಿಧಾನ್ಯಗಳ ವರ್ಷವೆಂದು ಘೋಷಿಸಿತು. ರಾಗಿ ಈಗ ದುಬಾರಿ ಮೆನುವಿನಲ್ಲಿ ಗೌರವದ ಸ್ಥಾನ ಪಡೆದಿದೆ. ಕಾಳಿಗೆ ಮರ್ಯಾದೆ ಬಂತು, ಸಂತೋಷ. ಆದರೆ ಕಾವೇರಿಯ ನಾಲೆ ನೀರುಣ್ಣುವ ಶ್ರೀರಂಗಪಟ್ಟಣ, ಪಾಂಡವಪುರದ ಗದ್ದೆಗಳಂತಲ್ಲದೆ, ಮುಗಿಲನ್ನು ನೋಡುತ್ತಾ ರಾಗಿ ಬಿತ್ತುವ ನಾಗಮಂಗಲದ ಒಕ್ಕಲಿಗೆ ಅದೇ ಪ್ರಮಾಣದಲ್ಲಿ ಮರ್ಯಾದೆ ಬಂತೇ?

ಊಟವನ್ನು ನೋಡಿ ನಲಿಯುವುದು ಹೊಸದೇನೂ ಅಲ್ಲ. ಮೈಸೂರು ದಸರೆಯ ಆಹಾರ ಮೇಳದಲ್ಲಿ ಮುದ್ದೆ ಉಣ್ಣುವ ಸ್ಪರ್ಧೆ ನಡೆಯುತ್ತದೆ, ಜನ ಸುತ್ತ ನಿಂತು ಕೂಗುತ್ತಾರೆ, ನಗುತ್ತಾರೆ. ಟಿವಿಯಲ್ಲಿ ‘ಒಗ್ಗರಣೆ ಡಬ್ಬಿ’ಯಂಥ ಅಡುಗೆ ಕಾರ್ಯಕ್ರಮ ನೋಡಿ ಗೃಹಿಣಿಯರು ಹೊಸ ಪಲ್ಯ ಕಲಿತರು. ಮೇಳದ ಸ್ಪರ್ಧೆ ಮುಗಿದ ಮೇಲೆ ನೋಡಿದವನೂ ಪಕ್ಕದ ಮಳಿಗೆಯಲ್ಲಿ ಉಂಡು ಹೋಗಬಹುದು. ಟಿವಿಯಲ್ಲಿ ಕಂಡದ್ದು ಮರುದಿನ ಅಡುಗೆಮನೆಗೆ ಬಂದು ಮನೆಮಂದಿಯ ತಟ್ಟೆಗೆ ಇಳಿಯಿತು. ನೋಟ ಅಲ್ಲಿ ಊಟಕ್ಕೆ ದಾರಿಯಾಗಿತ್ತು. ಇಂದು ಮೊಬೈಲಿನಲ್ಲಿ ಹರಿದು ಬರುವ ಸಾವಿರಾರು ತಟ್ಟೆಗಳ ಮಾತೇ ಬೇರೆ. ಅವು ಯಾರ ಅಡುಗೆಮನೆಗೂ ಬರುವುದಿಲ್ಲ. ಅವು ಹೇಳುವುದು ಒಂದೇ ಮಾತು: ನಾನು ಇಲ್ಲಿದ್ದೇನೆ, ನೀನಿಲ್ಲ.

ನಮ್ಮ ಹಿರಿಯರು ಬಾಗಿಲು ಮುಂದೆ ಮಾಡಿ ಉಣ್ಣುತ್ತಿದ್ದರು. ಅದನ್ನು ದೃಷ್ಟಿ ತಾಗುವ ಭಯವೆಂದು ನಾವು ನಕ್ಕೆವು. ಭಯದ ಜೊತೆಗೆ ಅದರಲ್ಲಿ ಒಂದು ಸಂಕೋಚವೂ ಇತ್ತು. ಹೊರಗೆ ಹಸಿದವನೊಬ್ಬ ಹಾದುಹೋಗುತ್ತಿರಬಹುದು, ಅವನ ಕಣ್ಣೆದುರು ಉಣ್ಣಬಾರದು. ಒಂದು ವೇಳೆ ಆತ ಬಾಗಿಲಿಗೆ ಬಂದರೆ ಅವನಿಗೂ ಎಲೆ ಹಾಕಬೇಕು. ಅಂದರೆ ಎರಡೇ ದಾರಿ: ಮರೆಯಲ್ಲಿ ಉಣ್ಣು, ಇಲ್ಲವೇ ಹಂಚಿಕೊಂಡು ಉಣ್ಣು. ತೋರಿಸಿ, ಹಂಚದೆ ಉಣ್ಣುವ ಮೂರನೆಯ ದಾರಿಯನ್ನು ಕಂಡುಹಿಡಿದವರು ನಾವು.

ಪ್ರವಾದಿ(ಸ)ರು ತಮ್ಮ ಸಂಗಾತಿ ಅಬೂದರ್‌ರಿಗೆ ನೀಡಿದ ಸಲಹೆಯೊಂದು ಇಲ್ಲಿ ನೆನಪಾಗುತ್ತದೆ. ಸಾರು ಮಾಡುವಾಗ ನೀರು ಸ್ವಲ್ಪ ಹೆಚ್ಚು ಹಾಕಿ ನೆರೆಮನೆಯವರಿಗೂ ಕೊಡುವಂತೆ ಅವರು ಹೇಳಿದ್ದರು. ಎಷ್ಟು ಸರಳ ಮಾತು! ಆದರೆ ಅದರಲ್ಲೊಂದು ತೂಕದ ವಿಚಾರವಿದೆ. ಸಾರು ತುಸು ತೆಳುವಾದರೂ ಚಿಂತೆಯಿಲ್ಲ, ನೆರೆಯವನ ಪಾಲು ತಪ್ಪಬಾರದು. ಸಾರಿನ ಪರಿಮಳ ಗೋಡೆ ದಾಟುತ್ತದೆ, ಆದ್ದರಿಂದ ಸಾರೂ ದಾಟಬೇಕು. ಇಂದು ನಮ್ಮ ತಟ್ಟೆಯ ಚಿತ್ರ ಗೋಡೆಯನ್ನಲ್ಲ, ಸಮುದ್ರವನ್ನೇ ದಾಟುತ್ತದೆ. ಅದರ ಹಿಂದೆ ಒಂದು ತುತ್ತೂ ದಾಟುವುದಿಲ್ಲ. ಶ್ರೀಮಂತರನ್ನು ಕರೆದು ಬಡವರನ್ನು ಬಿಟ್ಟ ಮದುವೆಯೂಟವನ್ನು ಅತ್ಯಂತ ಕೆಟ್ಟ ಊಟವೆಂದು ಹದೀಸ್ ಬಣ್ಣಿಸುತ್ತದೆ. ಅಲ್ಲಿ ದೋಷ ಬಿರಿಯಾನಿಯದಲ್ಲ, ಆಮಂತ್ರಣದ್ದು.

ಈ ಅಳತೆಗೋಲನ್ನು ಮೊದಲು ನಮ್ಮ ಮನೆಗೇ ಹಿಡಿಯೋಣ. ಹಸಿವೆಂದರೇನೆಂದು ಅರಿಯುವ ತಿಂಗಳು ರಮಝಾನ್. ಬೆಂಗಳೂರಿನ ಫ್ರೇಝರ್ ಟೌನಿನ ಮಸೀದಿ ರಸ್ತೆಯ ರಮಝಾನ್ ತಿನಿಸುಗಳು ನಗರದಲ್ಲೆಲ್ಲ ಹೆಸರಾದವು. ಉಪವಾಸ ಮಾಡದವರೂ ಪ್ರೀತಿಯಿಂದ ಬಂದು ಹಲೀಮ್, ಸಮೋಸಾ ಸವಿದರು. ಬೇರೆ ಬೇರೆ ಧರ್ಮದವರು ಹೆಗಲಿಗೆ ಹೆಗಲು ತಾಗಿಸಿ ನಿಂತು ತಿನ್ನುವುದು ಚೆಲುವಾದ ದೃಶ್ಯ, ಅದು ಉಳಿಯಬೇಕು. ಆದರೆ ಹಗಲಿಡೀ ಹಸಿದ ನಾವು ಸಂಜೆ ತಿಂಡಿಯ ಪ್ರವಾಸ ಹೊರಟರೆ, ರಾತ್ರಿಯ ತಟ್ಟೆಯಲ್ಲಿ ಅರ್ಧ ಬಿಟ್ಟು ಎದ್ದರೆ, ಹಗಲಿನ ಹಸಿವು ನಮಗೆ ಏನನ್ನು ಕಲಿಸಿತು? ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ 2024ರ ವರದಿಯಂತೆ 2022ರಲ್ಲಿ ಜಗತ್ತಿನಲ್ಲಿ 105 ಕೋಟಿ ಟನ್ ಆಹಾರ ವ್ಯರ್ಥವಾಯಿತು. ಅದರಲ್ಲಿ ಶೇ. 28ರಷ್ಟು ಹೋಟೆಲು ಮೊದಲಾದ ಆಹಾರ ಸೇವೆಯ ಕಡೆಯಿಂದ, ಶೇ. 60ರಷ್ಟು ಮನೆಗಳಿಂದ. ಹೋಟೆಲನ್ನು ದೂರುವ ಮುನ್ನ ನಮ್ಮ ಫ್ರಿಜ್ಜಿನ ಬಾಗಿಲನ್ನೂ ತೆರೆದು ನೋಡಬೇಕು.

ಬೆಳ್ಳೂರು ಕ್ರಾಸಿನಿಂದ ಸ್ವಲ್ಪ ದೂರದಲ್ಲೇ ಆದಿಚುಂಚನಗಿರಿ ಮಠವಿದೆ. ಅಲ್ಲಿ ಬಂದವರಿಗೆಲ್ಲ ದಾಸೋಹವಿದೆ. ಅನ್ನ, ಸಾರು, ಸಾಲಿನಲ್ಲಿ ಕುಳಿತ ಜನ. ಹೆದ್ದಾರಿಯ ಬದಿಯಲ್ಲಿ ಬಗೆಬಗೆಯ ತಿನಿಸು. ಒಂದೇ ಊರಿನ ಆಸುಪಾಸಿನಲ್ಲಿ ಊಟದ ಎರಡು ತತ್ವಗಳು ಹೀಗೆ ಅಕ್ಕಪಕ್ಕ ನಿಂತಿವೆ. ಎಲ್ಲರೂ ದಾಸೋಹದಲ್ಲೇ ಉಣ್ಣಬೇಕೆಂದಲ್ಲ. ದುಡಿದವನು ಬೇಕಾದ್ದನ್ನು ಕೊಂಡು ಉಣ್ಣುವುದು ಅವನ ಹಕ್ಕು. ‘ನನ್ನ ದುಡ್ಡು, ನನ್ನ ತಟ್ಟೆ’ ಎಂಬ ಮಾತಿಗೆ ಕಾನೂನಿನಲ್ಲಿ ಉತ್ತರವಿಲ್ಲ. ಆದರೆ ದುಡ್ಡು ನನ್ನದಾದರೂ ಅನ್ನ ನನ್ನೊಬ್ಬನದಲ್ಲ. ಬಿತ್ತಿದವರು, ಕುಯ್ದವರು, ಬೇಯಿಸಿದವರು, ಎಲ್ಲರೂ ಉಂಡೆದ್ದ ಮೇಲೆ ಮೂರು ಗಂಟೆಗೆ ತಣ್ಣಗಾದ ಅನ್ನ ಉಣ್ಣುವ ಮಾಣಿ, ಎಲ್ಲರ ಪಾಲೂ ಅದರಲ್ಲಿದೆ.

ಈ ಮಾತು ಇಂದು ನಮ್ಮ ಸೀಮೆಗೆ ಇನ್ನಷ್ಟು ಅಗತ್ಯ. 2022ರ ಯುಗಾದಿಯ ಹೊತ್ತಿಗೆ, ಮಂಡ್ಯ ಸೀಮೆಯವರು ಹೊಸತೊಡಕಿಗೆ ಮಾಂಸ ಕೊಳ್ಳುವ ಸಮಯದಲ್ಲೇ, ಹಲಾಲ್ ಮಾಂಸ ಕೊಳ್ಳಬೇಡಿ ಎಂಬ ಕರೆ ರಾಜ್ಯದಲ್ಲಿ ಕೇಳಿಬಂತು. 2024ರ ಸೆಪ್ಟೆಂಬರ್ 11ರಂದು ನಾಗಮಂಗಲದಲ್ಲಿ ಗಣೇಶ ಮೆರವಣಿಗೆಯ ವೇಳೆ ಗಲಭೆಯಾಗಿ ಅಂಗಡಿಗಳು ಸುಟ್ಟವು. ಪರಸ್ಪರರ ಅಂಗಡಿಗೆ ಹೋಗದ, ಪರಸ್ಪರರ ಕೈಯಿಂದ ತಿನ್ನದ ಜನರ ನಡುವೆ ವದಂತಿಗೆ ಬೇಗ ರೆಕ್ಕೆ ಬರುತ್ತದೆ. ಶಾಂತಿ ಸಭೆಗಳು ಬೇಕು. ಆದರೆ ಊರು ಮತ್ತೆ ಊರಾಗುವುದು ಒಂದೇ ಬೆಂಚಿನಲ್ಲಿ ಕುಳಿತು ಕುಡಿದ ಚಹಾದಿಂದ, ಹಬ್ಬದ ದಿನ ಬೀದಿ ದಾಟಿದ ಪಾತ್ರೆಯಿಂದ.

ಹಾಗಾದರೆ ಹೊರಗೆ ಉಣ್ಣಲು ಹೊರಟಾಗ ನಾವು ಮಾಡಬೇಕಾದ್ದೇನು? ನಾಲ್ಕು ಜನ ಹೊರಟಲ್ಲಿ ಎಂದೂ ಇಂಥ ಮೇಜಿಗೆ ಬಾರದ ಒಬ್ಬರನ್ನು ಐದನೆಯವರಾಗಿ ಕರೆಯಬಹುದು. ಉಣ್ಣಲಾಗುವಷ್ಟನ್ನೇ ಹೇಳಿ ತರಿಸಬಹುದು. ಬಡಿಸಿದವನ ಮುಖ ನೋಡಿ ನಿನ್ನ ಊಟವಾಯಿತೇ ಎಂದು ಕೇಳಬಹುದು. ಇವು ದೊಡ್ಡ ತ್ಯಾಗಗಳಲ್ಲ, ಸಾರಿಗೆ ಇನ್ನೊಂದು ಲೋಟ ನೀರು ಬೆರೆಸಿದಷ್ಟೇ ಸುಲಭ. ತಟ್ಟೆ ಎಷ್ಟು ಚೆಂದವಿತ್ತೆಂದು ಜಗತ್ತು ನಾಳೆಗೆ ಮರೆಯುತ್ತದೆ. ಪಕ್ಕದಲ್ಲಿ ಯಾರಿಗೆ ಜಾಗ ಕೊಟ್ಟೆವೆಂಬುದನ್ನು ಉಂಡವರು ಮರೆಯುವುದಿಲ್ಲ.