ಹಿರಿಯರ ಲೆಕ್ಕವನ್ನು ತಿದ್ದಬಹುದೋ?

ಹಿರಿಯರನ್ನು ಸನ್ಮಾನಿಸುವವನು ಅವರ ಲೆಕ್ಕದಲ್ಲಿ ತಪ್ಪನ್ನು ಕಂಡರೆ ಏನು ಮಾಡತಕ್ಕದ್ದು? ಸುಮ್ಮನಿದ್ದರೆ ಸತ್ಯಕ್ಕೆ ದ್ರೋಹ, ತಿದ್ದಿದರೆ ಹಿರಿಯರಿಗೆ ಅವಮಾನ ಎಂದು ಅನೇಕರು ಹಿಂಜರಿಯುವರು. ಈ ಪ್ರಶ್ನೆಯನ್ನು ಚಿಂತಾಮಣಿ ರಘುನಾಥಾಚಾರ್ಯರ ಜೀವಿತದ ಮುಂದಿಟ್ಟು ನೋಡೋಣ. ಚಿಂತಾಮಣಿ ಎಂಬ ಹೆಸರಿರುವದರಿಂದ ಅವರು ನಮ್ಮ ಸೀಮೆಯವರೆಂದು ಹಿಗ್ಗುವದು ಬೇಡ. ಅದು ಮನೆತನದ ಹೆಸರು, ಅವರು ದುಡಿದದ್ದು ಮದರಾಸಿನಲ್ಲಿ.

ಅಲ್ಲಿನ ನಕ್ಷತ್ರ ವೀಕ್ಷಣಾಲಯದಲ್ಲಿ ಚಿಕ್ಕ ಪ್ರಾಯದಲ್ಲಿಯೇ ಸೇರಿದ ಅವರು ಪೋಗ್ಸನ್ ದೊರೆಗಳ ಕೈಕೆಳಗೆ ಪ್ರಧಾನ ಸಹಾಯಕರಾದರು. 1867ರಲ್ಲಿ ದಕ್ಷಿಣಾಕಾಶದ ಒಂದು ನಕ್ಷತ್ರವು ಒಮ್ಮೆ ಬೆಳಗಿ ಒಮ್ಮೆ ಮಂಕಾಗುವದನ್ನು ಕಂಡುಹಿಡಿದರು. ಅದು ಸುಮಾರು 278 ದಿನಗಳಿಗೊಮ್ಮೆ ಹಾಗೆ ಮಾಡುವದೆಂದು ಈಗ ತಿಳಿದದೆ. 1868ನೇ ಆಗಸ್ಟ್ 18ರ ಪೂರ್ಣ ಸೂರ್ಯಗ್ರಹಣವನ್ನು ವನಪರ್ತಿಗೆ ಹೋಗಿ ನೋಡಿದರು. 1872ರಲ್ಲಿ ಲಂಡನ್ನಿನ ರಾಜಕೀಯ ಖಗೋಳ ಸಂಘವು ಅವರನ್ನು ಸದಸ್ಯರನ್ನಾಗಿ ಆರಿಸಿಕೊಂಡಿತು. 1880ರಲ್ಲಿ ತೀರಿಕೊಂಡರು.

ಆದರೆ ಅವರ ನಿಜವಾದ ಕಷ್ಟವು ದೂರದರ್ಶಕದಲ್ಲಿರಲಿಲ್ಲ, ಪಂಚಾಂಗದಲ್ಲಿತ್ತು. ಅವರು ಪಂಚಾಂಗ ಬಲ್ಲ ಜನರ ನಡುವೆ ಬೆಳೆದವರು. ಚಂದ್ರನು ಸೂರ್ಯನನ್ನು 12 ಅಂಶಗಳಷ್ಟು ಹಿಂದಿಕ್ಕುವ ಕಾಲವೇ ಒಂದು ತಿಥಿ. ಹಳೆಯ ಕೋಷ್ಟಕಗಳು ತಮ್ಮ ಕಾಲಕ್ಕೆ ಮೆಚ್ಚತಕ್ಕವುಗಳೇ. ಆದರೂ ದಿನಕ್ಕೆ ಕಣ್ಣಿಗೆ ಬೀಳದಷ್ಟು ತಪ್ಪಿದ ಗಡಿಯಾರವು ವರುಷಗಳಾದ ಮೇಲೆ ಗಳಿಗೆಗಟ್ಟಲೆ ತಪ್ಪುವಂತೆ, ಶತಮಾನಗಳು ಕಳೆದ ಮೇಲೆ ಲೆಕ್ಕ ಒಂದು ಕಡೆ, ಆಕಾಶ ಒಂದು ಕಡೆ ಆಯಿತು. ಕಣ್ಣಿಗೆ ಕಾಣುವದಕ್ಕೆ ಲೆಕ್ಕವು ಒಪ್ಪಬೇಕೆಂದು ಹೇಳಿ ಅವರು ದೃಗ್ಗಣಿತ ಪಂಚಾಂಗವನ್ನು ಪ್ರಕಟಿಸಿದರು. 1874ನೇ ದಶಂಬರ 9ರಂದು ಶುಕ್ರಗ್ರಹವು ಸೂರ್ಯನ ಮುಂದೆ ಕಪ್ಪು ಬೊಟ್ಟಿನಂತೆ ಹಾದುಹೋಗುವದಿತ್ತು. ಅದನ್ನು ಭೂಮಿಯ ಬೇರೆ ಬೇರೆ ಸ್ಥಳಗಳಿಂದ ಅಳೆದರೆ ಸೂರ್ಯನ ದೂರವು ತಿಳಿಯುವದು. ಇದನ್ನು ಅವರು ಇಂಗ್ಲಿಷಿನಲ್ಲಿ ಮಾತ್ರವಲ್ಲ, ದೇಶಭಾಷೆಗಳಲ್ಲಿಯೂ, ನಮ್ಮ ಕನ್ನಡದಲ್ಲಿಯೂ ಪುಸ್ತಕ ಮಾಡಿಸಿ ವಿವರಿಸಿದರು. ಪಂಡಿತರು ಮಾತ್ರ ತಿಳಿದರೆ ಸಾಲದೆಂಬ ಮನಸ್ಸು ಇದರಲ್ಲಿ ಕಾಣುವದು.

ಇದು ಹಿರಿಯರಿಗೆ ದ್ರೋಹವೋ? ನಮಗೆ ಹಾಗೆ ತೋರುವದಿಲ್ಲ. ಯಾಕಂದರೆ ಕೇರಳದ ಪರಮೇಶ್ವರನು 1431ರಲ್ಲಿಯೇ ತಾನು ಕಂಡದ್ದಕ್ಕೆ ಹೊಂದುವಂತೆ ಹಿಂದಿನವರ ಲೆಕ್ಕವನ್ನು ತಿದ್ದಿ ದೃಗ್ಗಣಿತವೆಂಬ ಗ್ರಂಥವನ್ನು ಬರೆದನು. ಹಿರಿಯರು ಸಹ ತಮ್ಮ ಹಿರಿಯರನ್ನು ತಿದ್ದಿದವರೇ. ಅವರ ಅಂಕೆಗಳನ್ನು ಹಿಡಿದುಕೊಂಡು ಅವರ ಕಣ್ಣುಗಳನ್ನು ಬಿಟ್ಟವನು ಅವರಿಂದ ಏನನ್ನು ಪಡೆದಂತಾಯಿತು?

ಹೀಗೆಂದು ನೆರೆಯವರ ಪಂಚಾಂಗವನ್ನು ನೋಡಿ ನಗಲಿಕ್ಕೆ ನಮಗೆ ಬಾಯಿಲ್ಲ. 1582ರಲ್ಲಿ ರೋಮಿನ ಪೋಪರು ದಿನಗಣನೆಯನ್ನು ಸರಿಪಡಿಸಿದಾಗ, ಲೆಕ್ಕ ಸರಿಯೆಂದು ಬಲ್ಲವರಿದ್ದರೂ, ಅದು ರೋಮಿನಿಂದ ಬಂತೆಂಬ ಕಾರಣಕ್ಕೆ ನಮ್ಮ ಪ್ರೊಟೆಸ್ಟಂಟ್ ದೇಶಗಳು ಬಹುಕಾಲ ಒಪ್ಪಲಿಲ್ಲ. ಇಂಗ್ಲೆಂಡ್ 170 ವರುಷ ಹಟ ಹಿಡಿದು, 1752ರಲ್ಲಿ ಸೆಪ್ಟೆಂಬರ್ 2ರ ಮಾರನೆಯ ದಿನವನ್ನು 14 ಎಂದು ಎಣಿಸಬೇಕಾಯಿತು. ಅಷ್ಟು ಕಾಲ ಸೂರ್ಯನೇನು ಅವರಿಗಾಗಿ ಕಾದಿದ್ದನೋ?

ಮದರಾಸಿನ ಆ ವೀಕ್ಷಣಾಲಯದ ಸಂತತಿಯಾದ ಬೆಂಗಳೂರಿನ ಸಂಸ್ಥೆಯು ಇಂದು ನಮ್ಮ ಕುಡುಮಲಕುಂಟೆಯ ತಾಲೂಕಿನಲ್ಲಿಯೇ, ಗೌರಿಬಿದನೂರಿನ ಬಳಿ, ಸೂರ್ಯನಿಂದ ಬರುವ ರೇಡಿಯೋ ಅಲೆಗಳನ್ನು ಹಿಡಿಯುತ್ತಲಿದೆ. ಆ ಬೈಲಿನ ಕಂಬಗಳನ್ನು ನೋಡುವಾಗ ನಮಗೆ ನಮ್ಮದೇ ಒಂದು ತಪ್ಪು ನೆನಪಾಗುವದುಂಟು. ಸಭೆಯ ದಾಖಲೆ ಪುಸ್ತಕದಲ್ಲಿ ಒಬ್ಬ ವೃದ್ಧೆಯ ಜನನದ ವರುಷವು ತಪ್ಪಾಗಿತ್ತು. ಅದು ನಮಗೆ ಪಾಠ ಕಲಿಸಿದ ಹಿಂದಿನ ಉಪದೇಶಿಯವರ ಕೈಬರಹವಾದದರಿಂದ ನಾವು ಎರಡು ವರುಷ ಅದನ್ನು ಮುಟ್ಟಲಿಲ್ಲ. ಆ ತಾಯಿಗೆ ಅಷ್ಟು ಕಾಲ ವೃದ್ಧಾಪ್ಯದ ಪಿಂಚಣಿ ದೊರೆಯಲಿಲ್ಲ. ಕಡೆಗೆ ಆಕೆಯೇ ಬಂದು, “ಅಯ್ಯನವರೇ, ಅವರು ಇದ್ದಿದ್ದರೆ ಆವತ್ತೇ ತಿದ್ದುತ್ತಿದ್ದರು” ಎಂದಳು. ಹಳೆಯ ಅಂಕೆಯು ಓದಲಿಕ್ಕೆ ಬರುವಂತೆ ಅದರ ಮೇಲೆ ಒಂದೇ ಗೀಟು ಎಳೆದು, ಪಕ್ಕದಲ್ಲಿ ಸರಿಯಾದ ವರುಷವನ್ನು ಬರೆದು ಸಹಿ ಹಾಕಿದೆವು.