ನಿಷ್ಪಕ್ಷಪಾತಿ ತಟಸ್ಥನಾಗಿಯೇ ಇರಬೇಕೆ?

ಯುದ್ಧ ನಡೆಯುವ ನಾಡಿನಲ್ಲಿ ಆಸ್ಪತ್ರೆಯೊಂದರ ಮೇಲೆ ಬಾಂಬು ಬಿದ್ದ ದಿನ ನಮ್ಮ ಟೀವಿಗಳಲ್ಲಿ ನಡೆಯುವ ಚರ್ಚೆ ಹೆಚ್ಚುಕಡಿಮೆ ಒಂದೇ ಥರ. ಒಬ್ಬರು ಕೇಳುತ್ತಾರೆ: ‘ಅಲ್ಲಿ ಉಗ್ರರಿಗೂ ಚಿಕಿತ್ಸೆ ಕೊಡುತ್ತಿದ್ದರಂತಲ್ಲ, ಅದೆಂಥ ತಟಸ್ಥ ಸಂಸ್ಥೆ?’ ಎದುರಿನವರು ತಿರುಗಿಸಿ ಹೇಳುತ್ತಾರೆ: ‘ಕಣ್ಣೆದುರು ಅನ್ಯಾಯ ನಡೆಯುವಾಗ ತಟಸ್ಥರಾಗಿರುವುದೇ ಅಪರಾಧ.’ ಇಬ್ಬರಿಗೂ ಅಭಿಮಾನಿಗಳಿದ್ದಾರೆ. ಆದರೆ ಇಬ್ಬರೂ ಬೈಯುತ್ತಿರುವುದು ಒಂದೇ ವಸ್ತುವನ್ನಲ್ಲ. ಮೊದಲಿನವರ ಸಿಟ್ಟು ನಿಷ್ಪಕ್ಷಪಾತದ ಮೇಲೆ, ಎರಡನೆಯವರದು ತಾಟಸ್ಥ್ಯದ ಮೇಲೆ. ಎರಡನ್ನೂ ಒಂದೇ ಚೀಲಕ್ಕೆ ತುಂಬಿ ಜಗ್ಗಾಡುವುದರಿಂದ ನಷ್ಟವಾಗುವುದು ಚರ್ಚೆಯಲ್ಲಿ ಕೂತವರಿಗಲ್ಲ, ಸ್ಟ್ರೆಚರಿನ ಮೇಲೆ ಮಲಗಿದವರಿಗೆ.

ರೆಡ್ ಕ್ರಾಸ್ ಹುಟ್ಟಿಗೆ ಕಾರಣವಾದ ಸೊಲ್ಫೆರಿನೊ ಕದನ, ಅದನ್ನು ಕಟ್ಟಿದ ಹೆನ್ರಿ ಡ್ಯುನಾಂಟ್, ಯುದ್ಧದ ಗಾಯಾಳುಗಳನ್ನು ಕಾಯುವ ಜಿನೀವಾ ಒಪ್ಪಂದ ಇವನ್ನೆಲ್ಲ ಇಲ್ಲಿ ಮತ್ತೆ ಹೇಳುವುದಿಲ್ಲ. ಶಾಲೆಯಲ್ಲಿ ಜೂನಿಯರ್ ರೆಡ್ ಕ್ರಾಸ್ ಬ್ಯಾಡ್ಜು ಚುಚ್ಚಿಕೊಂಡವರಿಗೆಲ್ಲ ಆ ಕಥೆ ಗೊತ್ತು. ನನಗೆ ಬೇಕಾದದ್ದು ಆಮೇಲಿನದು. 1965ರಲ್ಲಿ ವಿಯೆನ್ನಾದಲ್ಲಿ ರೆಡ್ ಕ್ರಾಸ್ ಚಳವಳಿ ಏಳು ಮೂಲತತ್ತ್ವಗಳನ್ನು ಒಪ್ಪಿಕೊಂಡಿತು. ಮೊದಲನೆಯದು ಮಾನವೀಯತೆ, ಎರಡನೆಯದು ನಿಷ್ಪಕ್ಷಪಾತ, ಮೂರನೆಯದು ತಾಟಸ್ಥ್ಯ. ಇವಕ್ಕೆ ವ್ಯಾಖ್ಯಾನ ಬರೆದ ಸ್ವಿಸ್ ನ್ಯಾಯಶಾಸ್ತ್ರಜ್ಞ ಝಾನ್ ಪಿಕ್ತೆ ಈ ಏಳನ್ನೂ ಒಂದೇ ಪಂಕ್ತಿಯಲ್ಲಿ ಕೂರಿಸಲಿಲ್ಲ. ಮೊದಲೆರಡು ಗುರಿಯ ಮಾತು, ತಾಟಸ್ಥ್ಯ ಆ ಗುರಿ ಮುಟ್ಟುವ ದಾರಿಯ ಮಾತು ಎಂದು ಬೇರ್ಪಡಿಸಿದರು. ಈ ಲೇಖನ ನಿಂತಿರುವುದು ಆ ಒಂದು ಗೆರೆಯ ಮೇಲೆ.

ನಿಷ್ಪಕ್ಷಪಾತ ರೋಗಿಗೆ ಸಂಬಂಧಿಸಿದ್ದು: ಯಾರಿಗೆ ಮೊದಲು ಚಿಕಿತ್ಸೆ, ಯಾರಿಗೆ ಎಷ್ಟು? ಅದಕ್ಕೆ ಉತ್ತರ ಗಾಯ ಎಷ್ಟು ಆಳ ಎಂಬುದರಿಂದ ಬರಬೇಕು. ಸಮವಸ್ತ್ರ, ಜಾತಿ, ಧರ್ಮಗಳಿಂದಲ್ಲ. ತಾಟಸ್ಥ್ಯ ಕಾದಾಡುವವರಿಗೆ ಸಂಬಂಧಿಸಿದ್ದು: ಈ ಜಗಳದಲ್ಲಿ ನಾನು ಯಾರ ಕಡೆಯೂ ಇಲ್ಲ, ಯಾರ ಬಲವನ್ನೂ ಹೆಚ್ಚಿಸುವುದಿಲ್ಲ ಎಂಬ ಘೋಷಣೆ. ಒಂದನ್ನು ಬಿಟ್ಟು ಇನ್ನೊಂದು ಇರಬಲ್ಲದು. ಮಹಾಭಾರತದ ಬಲರಾಮ ತಟಸ್ಥ. ಕುರುಕ್ಷೇತ್ರ ಶುರುವಾಗುವ ಹೊತ್ತಿಗೆ ತೀರ್ಥಯಾತ್ರೆಗೆ ಹೊರಟುಬಿಟ್ಟ. ಯಾವ ಗಾಯಾಳುವಿಗೂ ಅವನಿಂದ ಒಂದು ಬೊಗಸೆ ನೀರು ಸಿಗಲಿಲ್ಲ. ಅವನ ತಾಟಸ್ಥ್ಯದಲ್ಲಿ ತಪ್ಪೇನೂ ಇಲ್ಲ, ಪ್ರಯೋಜನವೂ ಇಲ್ಲ.

ಇದಕ್ಕೆ ನೇರ ವಿರುದ್ಧವಾದ ಉದಾಹರಣೆ ಪಂಜಾಬಿನದು, ನನಗೆ ಬಹಳ ಪ್ರಿಯವಾದದ್ದು. ಹದಿನೆಂಟನೇ ಶತಮಾನದ ಆರಂಭದಲ್ಲಿ ಗುರು ಗೋವಿಂದ ಸಿಂಗರ ಆನಂದಪುರವನ್ನು ಮೊಘಲರೂ ಬೆಟ್ಟದ ರಾಜರೂ ಮುತ್ತಿದ್ದರು. ಭಾಯಿ ಕನ್ಹಯ್ಯ ಎಂಬ ಶಿಷ್ಯ ನೀರಿನ ಚೀಲ ಹೊತ್ತು ರಣರಂಗದಲ್ಲಿ ಓಡಾಡುತ್ತಿದ್ದ. ಬಿದ್ದವರು ಸಿಖ್ಖರೋ ವೈರಿಗಳೋ ಎಂದು ನೋಡದೆ ನೀರು ಕುಡಿಸುತ್ತಾನೆಂದು ಜೊತೆಯವರು ಗುರುವಿಗೆ ದೂರಿತ್ತರು. ನಾವು ಕಷ್ಟಪಟ್ಟು ಬೀಳಿಸಿದವರನ್ನು ಇವನು ಎಬ್ಬಿಸಿ ಕೂರಿಸಿದರೆ ಹೇಗೆ? ಸೈನಿಕರ ದೃಷ್ಟಿಯಿಂದ ದೂರು ನ್ಯಾಯವಾದದ್ದೇ. ಕನ್ಹಯ್ಯನ ಉತ್ತರ, ತನಗೆ ಅಲ್ಲಿ ಸಿಖ್ಖರಾಗಲಿ ಮೊಘಲರಾಗಲಿ ಕಾಣುವುದಿಲ್ಲ, ಎಲ್ಲರಲ್ಲೂ ಗುರುವೇ ಕಾಣುತ್ತಾನೆ ಎಂದು. ಗುರು ಅವನನ್ನು ಗದರಲಿಲ್ಲ. ನೀರಿನ ಜೊತೆಗೆ ಇದನ್ನೂ ಹಚ್ಚು ಎಂದು ಮುಲಾಮು ಕೊಟ್ಟರು ಎನ್ನುತ್ತದೆ ಸಿಖ್ ಪರಂಪರೆ.

ಈ ಕಥೆಯನ್ನು ಹೇಳುವವರೆಲ್ಲ ಕನ್ಹಯ್ಯನನ್ನು ‘ತಟಸ್ಥ’ ಎಂದು ಹೊಗಳುವುದುಂಟು. ಖಂಡಿತ ಅಲ್ಲ. ಅವನು ಗುರುವಿನ ಶಿಷ್ಯ, ಗುರುವಿನ ಕೋಟೆಯವನು, ಆ ಯುದ್ಧದಲ್ಲಿ ಯಾರು ಗೆಲ್ಲಬೇಕೆಂಬ ಬಗ್ಗೆ ಅವನಿಗೆ ಅನುಮಾನವಿದ್ದೀತೆ? ಅವನಿಗೆ ಪಕ್ಷವಿತ್ತು. ನೀರು ಕೊಡುವಾಗ ಆ ಪಕ್ಷವನ್ನು ಬಳಸಲಿಲ್ಲ, ಅಷ್ಟೆ. ಪಕ್ಷವೇ ಇಲ್ಲದವನು ವೈರಿಗೆ ನೀರು ಕೊಡುವುದು ಸುಲಭ. ಅವನಿಗೆ ವೈರಿಯೇ ಇಲ್ಲವಲ್ಲ. ಪಕ್ಷವಿದ್ದೂ ಕೊಟ್ಟವನ ನಿಷ್ಪಕ್ಷಪಾತವೇ ಹೆಚ್ಚಿನದು ಎಂದು ನನಗನ್ನಿಸುತ್ತದೆ.

ಹಾಗಾದರೆ ತಾಟಸ್ಥ್ಯ ಯಾಕೆ ಬೇಕು? ಕನ್ಹಯ್ಯನ ಮಿತಿಯನ್ನು ನೋಡಿದರೆ ಗೊತ್ತಾಗುತ್ತದೆ. ಅವನು ಕೋಟೆಯ ಮುಂದಿನ ಬಯಲಿನಲ್ಲಿ ಬಿದ್ದ ಮೊಘಲ ಸೈನಿಕನಿಗೆ ನೀರು ಕೊಡಬಲ್ಲ. ಮೊಘಲರ ಪಾಳೆಯದೊಳಗೆ ನರಳುತ್ತಿರುವವನ ಬಳಿಗೆ ಹೋಗಲಾರ. ಹೋದರೆ ಗೂಢಚಾರನೆಂದು ಹಿಡಿದು ಕಟ್ಟಿಹಾಕುತ್ತಾರೆ. ನಮ್ಮ ಕರಾವಳಿಯಲ್ಲಿ ಹೇಳುವ ಕಥೆಯ ಉಡುಪಿಯ ಅರಸ ಕೌರವ ಪಾಂಡವ ಎರಡೂ ಸೇನೆಗೆ ಬಡಿಸಬಲ್ಲವನಾದದ್ದು ಅವನು ಯಾರ ಪರವಾಗಿಯೂ ಬಿಲ್ಲು ಹಿಡಿಯದೆ ಇದ್ದುದರಿಂದ. ತಾಟಸ್ಥ್ಯ ಎಂದರೆ ಎರಡೂ ಕಡೆಯ ಕಾವಲುಗಾರರು ನಮ್ಮ ಗಾಡಿಯನ್ನು ಒಳಗೆ ಬಿಡಲಿ ಎಂದು ಕೊಡುವ ಬೆಲೆ. ನಾಲಿಗೆ ಕಚ್ಚಿಕೊಂಡು ಕೊಡುವ ಬೆಲೆ, ಅಗ್ಗದ್ದಲ್ಲ. ಅದು ಸದ್ಗುಣವೂ ಅಲ್ಲ, ಹೇಡಿತನವೂ ಅಲ್ಲ.

ಈಗ ಅಫ್ಘಾನಿಸ್ತಾನದ ಕುಂದುಜ್‌ಗೆ ಬರೋಣ. ಗಡಿಗಳಿಲ್ಲದ ವೈದ್ಯರ ಸಂಸ್ಥೆ ಎಂಎಸ್‌ಎಫ್ 2011ರಲ್ಲಿ ಅಲ್ಲಿ ಗಾಯಾಳುಗಳ ಆಸ್ಪತ್ರೆ ತೆರೆಯಿತು. ನಿಯಮ ಸರಳ: ಬಂದೂಕು ಗೇಟಿನ ಹೊರಗೆ, ಗಾಯ ಒಳಗೆ. ಬಹುಕಾಲ ಅಲ್ಲಿಗೆ ಬರುತ್ತಿದ್ದ ಹೋರಾಟಗಾರರಲ್ಲಿ ಹೆಚ್ಚಿನವರು ಸರ್ಕಾರದ ಸೈನಿಕರು ಮತ್ತು ಪೊಲೀಸರು. 2015ರ ಸೆಪ್ಟೆಂಬರ್ 28ರಂದು ತಾಲಿಬಾನ್ ನಗರವನ್ನು ಹಿಡಿಯಿತು. ಆ ವಾರ ಲೆಕ್ಕ ತಿರುವುಮುರುವಾಯಿತು. ಅಕ್ಟೋಬರ್ 3ರ ನಸುಕಿನಲ್ಲಿ ಅಮೆರಿಕದ ಎಸಿ-130 ಯುದ್ಧವಿಮಾನ ಸುಮಾರು ಒಂದು ಗಂಟೆ ಆಸ್ಪತ್ರೆಯ ಮುಖ್ಯ ಕಟ್ಟಡದ ಮೇಲೆ ಗುಂಡಿನ ಮಳೆಗರೆದಾಗ ಒಳಗೆ 105 ರೋಗಿಗಳಿದ್ದರು. ಸಂಸ್ಥೆಯ ಅಂದಾಜಿನ ಪ್ರಕಾರ ಅವರಲ್ಲಿ ಸರ್ಕಾರದ ಕಡೆಯವರು ಮೂರೋ ನಾಲ್ಕೋ ಮಂದಿ, ತಾಲಿಬಾನಿಗಳು ಸುಮಾರು ಇಪ್ಪತ್ತು. ಸತ್ತವರು 42: ರೋಗಿಗಳು 24, ಸಿಬ್ಬಂದಿ 14, ರೋಗಿಗಳನ್ನು ನೋಡಿಕೊಳ್ಳಲು ಬಂದಿದ್ದ ಮನೆಯವರು ನಾಲ್ವರು. ಆಸ್ಪತ್ರೆ ಎಲ್ಲಿದೆ ಎಂಬ ಜಿಪಿಎಸ್ ವಿವರವನ್ನು ಅಮೆರಿಕ ಮತ್ತು ಅಫ್ಘಾನ್ ಅಧಿಕಾರಿಗಳಿಗೆ ನಾಲ್ಕು ದಿನ ಮುಂಚೆ ಮತ್ತೊಮ್ಮೆ ಕಳಿಸಲಾಗಿತ್ತು.

‘ಇಪ್ಪತ್ತು ತಾಲಿಬಾನಿಗಳು, ನಾಲ್ಕೇ ಸೈನಿಕರು! ಇದು ಪಕ್ಷಪಾತವಲ್ಲದೆ ಇನ್ನೇನು?’ ಎಂಬ ಪ್ರಶ್ನೆಯನ್ನು ನಾನು ವಿದ್ಯಾವಂತರ ಬಾಯಲ್ಲೇ ಕೇಳಿದ್ದೇನೆ. ಎರಡೂ ಕಡೆಯವರಿಗೆ ಸಮಸಮ ಸಮಯ ಕೊಡುವ ಟೀವಿ ನಿರೂಪಕನನ್ನೇ ನಿಷ್ಪಕ್ಷಪಾತದ ಮಾದರಿ ಎಂದುಕೊಂಡರೆ ಹೀಗಾಗುತ್ತದೆ. ನಿಷ್ಪಕ್ಷಪಾತಕ್ಕೆ ಎರಡು ಅಂಗ. ಭೇದ ಮಾಡದಿರುವುದು ಒಂದು, ಅಗತ್ಯಕ್ಕೆ ತಕ್ಕಷ್ಟು ಕೊಡುವುದು ಇನ್ನೊಂದು. ಎರಡನೆಯದನ್ನು ಮರೆತರೆ ಮೊದಲನೆಯದು ಅಸಂಬದ್ಧವಾಗುತ್ತದೆ. ತುರ್ತು ಚಿಕಿತ್ಸೆಯ ಬಾಗಿಲಲ್ಲಿ ನಡೆಯುವ ಟ್ರಯಾಜ್ ಅನ್ನು ನೋಡಿ: ನರ್ಸು ಉಸಿರಾಟ ನೋಡುತ್ತಾರೆ, ನಾಡಿ ನೋಡುತ್ತಾರೆ, ರಕ್ತ ಎಷ್ಟು ಹೋಗಿದೆ ನೋಡುತ್ತಾರೆ, ಕೆಂಪು, ಹಳದಿ, ಹಸಿರು ಗುರುತು ಹಾಕುತ್ತಾರೆ. ಒಂದು ವಾರ ಬಂದ ಕೆಂಪು ಗುರುತಿನವರೆಲ್ಲ ಒಂದೇ ಕಡೆಯವರಾಗಿದ್ದರೆ ಆ ವಾರ ಒಂದೇ ಕಡೆಯವರಿಗೆ ಶಸ್ತ್ರಚಿಕಿತ್ಸೆ ಮಾಡುವುದೇ ನಿಷ್ಪಕ್ಷಪಾತ. ಲೆಕ್ಕ ಸರಿದೂಗಿಸಲು ಎದುರು ಪಕ್ಷದ ಜ್ವರದವನನ್ನು ಹುಡುಕಿ ಮೊದಲು ಮಲಗಿಸುವುದು ಪಕ್ಷಪಾತ.

ಇನ್ನೊಂದು ಮಾತು: ಗಾಯಗೊಂಡು ಆಯುಧ ಬಿಟ್ಟು ಮಲಗಿದವನು ಕಾನೂನಿನ ಕಣ್ಣಲ್ಲಿ ಕಾದಾಟದಿಂದ ಹೊರಗಾದವನು. ‘ಉಗ್ರರಿಗೆ ಚಿಕಿತ್ಸೆ’ ಎಂಬ ಮಾತನ್ನು ಜಿನೀವಾ ಒಪ್ಪಂದಗಳು ಗುರುತಿಸುವುದೇ ಇಲ್ಲ. ಅವಕ್ಕೆ ಗೊತ್ತಿರುವುದು ಗಾಯಾಳು ಮಾತ್ರ. ಕುಂದುಜ್ ದಾಳಿಗಾಗಿ ಅಮೆರಿಕದ ಆಗಿನ ಅಧ್ಯಕ್ಷ ಒಬಾಮ ಕ್ಷಮೆ ಕೇಳಿದರು, ಸೇನೆಯ ತನಿಖೆ ನಡೆದು ಹದಿನಾರು ಮಂದಿಯ ಮೇಲೆ ಇಲಾಖಾ ಕ್ರಮವಾಯಿತು, ಒಬ್ಬರ ಮೇಲೂ ಕ್ರಿಮಿನಲ್ ಮೊಕದ್ದಮೆ ಹೂಡಲಿಲ್ಲ.

ತಾಟಸ್ಥ್ಯವನ್ನು ಹೊರಗಿನವರು ಕದ್ದು ಬಳಸಿಕೊಂಡಾಗ ಏನಾಗುತ್ತದೆ ಎನ್ನುವುದಕ್ಕೂ ಪಕ್ಕದ ಪಾಕಿಸ್ತಾನವೇ ಸಾಕ್ಷಿ. 2011ರಲ್ಲಿ ಅಬೋಟಾಬಾದಿನಲ್ಲಿ ಬಿನ್ ಲಾಡೆನ್‌ನನ್ನು ಪತ್ತೆಹಚ್ಚಲು ಸಿಐಎ ಹೆಪಟೈಟಿಸ್ ಬಿ ಲಸಿಕೆಯ ಸುಳ್ಳು ಅಭಿಯಾನ ನಡೆಸಿತು. ಮರುವರ್ಷದಿಂದ ಪಾಕಿಸ್ತಾನದಲ್ಲಿ ಪೋಲಿಯೊ ಹನಿ ಹಾಕಲು ಮನೆಮನೆಗೆ ಹೋಗುತ್ತಿದ್ದ ಹೆಂಗಸರ ಮೇಲೆ ಗುಂಡು ಹಾರತೊಡಗಿತು. ಲಸಿಕೆಯ ಮೇಲಿನ ಹಗೆಗೆ ಬೇರೆ ಕಾರಣಗಳೂ ಇದ್ದವು, ನಿಜ. ಆದರೆ ಐಸ್ ಪೆಟ್ಟಿಗೆ ಹೊತ್ತವಳು ಗೂಢಚಾರಿಣಿ ಇರಬಹುದು ಎಂಬ ವದಂತಿಗೆ ಪುರಾವೆ ಒದಗಿಸಿಕೊಟ್ಟದ್ದು ಆ ನಾಟಕ.

ತಾಟಸ್ಥ್ಯವನ್ನೇ ಪ್ರಶ್ನಿಸಿದ ಬರ್ನಾರ್ ಕುಶ್ನೆರ್ ಅವರನ್ನು ಇಲ್ಲಿಗೆ ಕರೆತರಬೇಕು. ಎಂಎಸ್‌ಎಫ್ ಸ್ಥಾಪಕರಲ್ಲಿ ಒಬ್ಬರು, ಮಾತುಗಾರ, ಆಮೇಲೆ ಫ್ರಾನ್ಸಿನ ವಿದೇಶಾಂಗ ಸಚಿವರಾದವರು. ನೈಜೀರಿಯದಿಂದ ಸಿಡಿದ ಬಯಾಫ್ರಾದಲ್ಲಿ 1968ರ ಸುಮಾರಿಗೆ ಹಸಿವಿನಿಂದ ಮಕ್ಕಳು ಸಾಯುವುದನ್ನು ಕಂಡು, ರೆಡ್ ಕ್ರಾಸಿನ ಮೌನವನ್ನು ಧಿಕ್ಕರಿಸಿ ಹೊರಬಂದು ಹೊಸ ಸಂಸ್ಥೆ ಕಟ್ಟಿದರು ಎಂಬುದು ಅವರ ಸುತ್ತ ಬೆಳೆದ ಪುರಾಣ. 1971ರಲ್ಲಿ ಹುಟ್ಟಿದ ಆ ಸಂಸ್ಥೆಯ ಮೊದಲ ಸನ್ನದು ಸದಸ್ಯರಿಗೆ ಹೇಳಿದ್ದೇ ಬೇರೆ: ತಮ್ಮ ಸೇವೆಯನ್ನು ಒಪ್ಪಿಕೊಂಡ ಶಕ್ತಿಗಳ, ನಾಯಕರ ಬಗ್ಗೆ ಪರವಾಗಿಯಾಗಲಿ ವಿರೋಧವಾಗಿಯಾಗಲಿ ಬಹಿರಂಗವಾಗಿ ಮಾತಾಡಬಾರದು ಎಂದು. ಬಾಯಿ ಬಿಡುವ ಸಂಪ್ರದಾಯ ಬೆಳೆದದ್ದು ನಂತರ. ಬಯಾಫ್ರಾದಲ್ಲಿ ಹಸಿವು ನಿಜ, ಸಾವು ನಿಜ. ಆದರೆ ಉಲಿ ಎಂಬ ಊರಿನ ರನ್‌ವೇಯಲ್ಲಿ ರಾತ್ರಿಹೊತ್ತು ಹಾಲಿನಪುಡಿ ತಂದ ವಿಮಾನಗಳೂ ಆಯುಧ ತಂದ ವಿಮಾನಗಳೂ ಒಂದರ ಹಿಂದೊಂದು ಇಳಿಯುತ್ತಿದ್ದವು ಎಂಬುದೂ ನಿಜ.

ಕುಶ್ನೆರ್ 1979ರಲ್ಲಿ ಆ ಸಂಸ್ಥೆ ಬಿಟ್ಟರು. 1987ರಲ್ಲಿ ಮಾರಿಯೊ ಬೆತ್ತಾತಿ ಎಂಬ ಕಾನೂನು ಪ್ರಾಧ್ಯಾಪಕರ ಜೊತೆ ಸೇರಿ ಮಧ್ಯಪ್ರವೇಶದ ಹಕ್ಕು, ಅಷ್ಟೇ ಅಲ್ಲ, ಮಧ್ಯಪ್ರವೇಶದ ಕರ್ತವ್ಯ ಎಂಬ ವಾದ ಮುಂದಿಟ್ಟರು. ಸಂತ್ರಸ್ತರು ಗಡಿಯಾಚೆ ಇದ್ದರೆ ಗಡಿ ದಾಟುವುದು ನಮ್ಮ ಧರ್ಮ ಎನ್ನುವವರೆಗೆ ನಾನೂ ಅವರ ಜೊತೆಗೇ ಇದ್ದೇನೆ. ಆದರೆ ಗಡಿ ದಾಟಬೇಕಾದವರು ವೈದ್ಯರೋ ಸೈನಿಕರೋ ಎಂಬ ಪ್ರಶ್ನೆ ಬಂದಾಗ ವಾದ ಜಾರುತ್ತದೆ. 1992ರಲ್ಲಿ ಸೊಮಾಲಿಯದ ಕಡಲ ತೀರದಲ್ಲಿ ಸಚಿವ ಕುಶ್ನೆರ್ ಅಕ್ಕಿಮೂಟೆ ಹೆಗಲಿಗೇರಿಸಿ ಕ್ಯಾಮೆರಾಗಳ ಮುಂದೆ ನಡೆದರು. 1999ರಲ್ಲಿ ಕೊಸೊವೊ ಯುದ್ಧದಲ್ಲಿ ನೇಟೊ ಬಾಂಬು ಹಾಕಿದ್ದಕ್ಕೆ ಮಾನವೀಯತೆಯ ಹೆಸರಿಡಲಾಯಿತು. ಅದು ಮುಗಿದ ಮೇಲೆ ವಿಶ್ವಸಂಸ್ಥೆಯ ಪರವಾಗಿ ಕೊಸೊವೊ ಆಳಲು ಹೋದವರು ಕುಶ್ನೆರ್. ಅವರು ಕಟ್ಟಿ ಬಿಟ್ಟುಹೋದ ಎಂಎಸ್‌ಎಫ್ ಮಾತ್ರ ಅಲ್ಲಿನ ಕೆಲಸಕ್ಕೆ ನೇಟೊ ದೇಶಗಳ ಹಣ ಬೇಡವೆಂದಿತು. ನನ್ನ ಮೆಚ್ಚುಗೆ ಯಾರಿಗೆ ಎಂದು ಬೇರೆ ಹೇಳಬೇಕಿಲ್ಲ. 

ಆದರೂ ಕುಶ್ನೆರ್ ಎತ್ತಿದ ಒಂದು ಪ್ರಶ್ನೆಯನ್ನು ತಪ್ಪಿಸಿಕೊಳ್ಳಲಾಗದು: ಮೌನವೇ ತಪ್ಪಾಗುವ ಹೊತ್ತೂ ಇಲ್ಲವೇ? 1942ರ ಅಕ್ಟೋಬರ್ 14ರಂದು ಜಿನೀವಾದಲ್ಲಿ ಅಂತರರಾಷ್ಟ್ರೀಯ ರೆಡ್ ಕ್ರಾಸ್ ಸಮಿತಿ ಸಭೆ ಸೇರಿತು. ಯುದ್ಧದಲ್ಲಿ ನಡೆಯುತ್ತಿರುವ ದೌರ್ಜನ್ಯಗಳ ಬಗ್ಗೆ ಬಹಿರಂಗ ಮನವಿಯೊಂದರ ಕರಡು ಸಿದ್ಧವಾಗಿತ್ತು. ಯಹೂದಿಗಳನ್ನು ರೈಲುಗಳಲ್ಲಿ ತುಂಬಿ ಸಾಗಿಸುತ್ತಿದ್ದ ಸುದ್ದಿ ತಲುಪಿತ್ತು. ಸ್ವಿಸ್ ಒಕ್ಕೂಟದ ಆಗಿನ ಅಧ್ಯಕ್ಷ ಫಿಲಿಪ್ ಎಟ್ಟರ್ ಸಮಿತಿಯ ಸದಸ್ಯರೂ ಆಗಿದ್ದರು. ಅಂದು ಬಂದು ವಿರೋಧಿಸಿದರು. ಮನವಿ ಹೊರಬೀಳಲಿಲ್ಲ. ಯುದ್ಧಕೈದಿಗಳನ್ನು ನೋಡಲು ಸಿಗುತ್ತಿದ್ದ ಅವಕಾಶ ಕೈತಪ್ಪೀತು ಎಂಬ ಭಯವೂ ಇತ್ತು, ಸ್ವಿಟ್ಜರ್ಲೆಂಡಿನ ಸ್ವಂತ ಹಿತವೂ ಇತ್ತು. ದಾರಿಯನ್ನು ಉಳಿಸಿಕೊಳ್ಳಲು ಗುರಿಯನ್ನೇ ಬಿಟ್ಟುಕೊಟ್ಟದ್ದಕ್ಕೆ ಇದಕ್ಕಿಂತ ಸ್ಪಷ್ಟ ನಿದರ್ಶನ ನನಗೆ ಗೊತ್ತಿಲ್ಲ. ಯಾರಿಗೆ ಎಲ್ಲಕ್ಕಿಂತ ಹೆಚ್ಚು ಅಗತ್ಯವಿತ್ತೋ ಅವರ ಬಳಿ ಹೋಗುವ ದಾರಿ ಹೇಗೂ ಮುಚ್ಚಿತ್ತು. ಅವರ ಮಟ್ಟಿಗೆ ಮೌನದಿಂದ ಕೊಳ್ಳುವುದಕ್ಕೆ ಏನೂ ಇರಲಿಲ್ಲ. ಸಮಿತಿ ತನ್ನ ವೈಫಲ್ಯವನ್ನು ಮುಂದೆ ತಾನೇ ಒಪ್ಪಿಕೊಂಡಿದೆ.

ಬಾಯಿ ಬಿಡಲೇಬೇಕಾದ ಇನ್ನೊಂದು ಸಂದರ್ಭ ಇಥಿಯೋಪಿಯದ್ದು. 1984–85ರ ಬರದಲ್ಲಿ ಅಲ್ಲಿನ ಸರ್ಕಾರ ಉತ್ತರದ ಜನರನ್ನು ಬಲವಂತವಾಗಿ ದಕ್ಷಿಣಕ್ಕೆ ಸಾಗಿಸುತ್ತಿತ್ತು. ಆಹಾರ ಕೇಂದ್ರಗಳೇ ಜನರನ್ನು ಸೆಳೆದು ಹಿಡಿಯುವ ಬಲೆಯಾದವು. ಎಂಎಸ್‌ಎಫ್‌ನ ಫ್ರೆಂಚ್ ಶಾಖೆ ಅದನ್ನು ಖಂಡಿಸಿತು, 1985ರ ಕೊನೆಗೆ ದೇಶದಿಂದ ಹೊರದಬ್ಬಿಸಿಕೊಂಡಿತು. ಇಲ್ಲಿ ಅವರು ಯಾವ ಬಂಡುಕೋರರ ಪರವೂ ವಹಿಸಲಿಲ್ಲ. ತಮ್ಮ ಕೈಯ ರೊಟ್ಟಿಯೇ ಜನರನ್ನು ಕೊಲ್ಲಲು ನೆರವಾಗುತ್ತಿದೆ ಎಂದರು. ಯಾರು ಗೆಲ್ಲಬೇಕು ಎಂದು ಹೇಳುವುದು ಬೇರೆ, ನನ್ನ ಔಷಧಿ ಏನಾಗುತ್ತಿದೆ ಎಂದು ಹೇಳುವುದು ಬೇರೆ.

ಯುದ್ಧಭೂಮಿಯ ವೈದ್ಯಸೇವೆಗೆ ನಮ್ಮ ದೇಶದ ಉದಾಹರಣೆ ಎಂದರೆ ಎಲ್ಲರೂ ಹೆಸರಿಸುವುದು ಸೊಲ್ಲಾಪುರದ ದ್ವಾರಕಾನಾಥ ಕೋಟ್ನಿಸ್ ಅವರನ್ನು. 1938ರಲ್ಲಿ ಕಾಂಗ್ರೆಸ್ ಚೀನಾಕ್ಕೆ ಕಳಿಸಿದ ಐವರು ವೈದ್ಯರಲ್ಲಿ ಒಬ್ಬರು. ಜಪಾನಿನ ವಿರುದ್ಧ ಹೋರಾಡುತ್ತಿದ್ದ ಎಂಟನೇ ಮಾರ್ಗ ಸೇನೆಯ ಗಾಯಾಳುಗಳ ನಡುವೆ ದುಡಿದು 1942ರ ಡಿಸೆಂಬರಿನಲ್ಲಿ, ಮೂವತ್ತೆರಡರ ಹರೆಯದಲ್ಲಿ, ಅಲ್ಲೇ ತೀರಿಕೊಂಡರು. ಅವರನ್ನು ರೆಡ್ ಕ್ರಾಸ್ ಮಾದರಿಯ ತಟಸ್ಥ ಸೇವಕರ ಸಾಲಿಗೆ ಸೇರಿಸುವುದು ಅವರಿಗೇ ಮಾಡುವ ಅನ್ಯಾಯ. ಆ ತಂಡ ಹೋದದ್ದು ಸಾಮ್ರಾಜ್ಯಶಾಹಿಯ ವಿರುದ್ಧ ಒಂದು ಪಕ್ಷ ವಹಿಸಿ. ಕೋಟ್ನಿಸ್ ಸಾಯುವ ವರ್ಷ ಚೀನಾದ ಕಮ್ಯುನಿಸ್ಟ್ ಪಕ್ಷವನ್ನೂ ಸೇರಿದ್ದರು. ಅವರು ಮುಂದೆ ಮುಖ್ಯಸ್ಥರಾದ ಆಸ್ಪತ್ರೆಗೆ ಕೆನಡಾದ ಶಸ್ತ್ರವೈದ್ಯ ನಾರ್ಮನ್ ಬೆಥೂನ್ ಹೆಸರಿತ್ತು. ಬೆಥೂನ್ ಕೂಡ ಕಟ್ಟಾ ಕಮ್ಯುನಿಸ್ಟ್. ಅದೇ ಬೆಥೂನ್ ಬರೆದ ‘ಗಾಯಗಳು’ ಎಂಬ ಪ್ರಬಂಧದಲ್ಲಿ ಚೀನೀ ಸೈನಿಕರ ನಂತರ ಜಪಾನಿ ಕೈದಿಗಳೂ ಆಪರೇಷನ್ ಮೇಜಿಗೆ ಬರುತ್ತಾರೆ, ನೋವಿನಲ್ಲಿ ಶತ್ರುಗಳಿಲ್ಲವೆಂದು ಅವರಿಗೂ ಚಿಕಿತ್ಸೆ ನಡೆಯುತ್ತದೆ. ಕನ್ಹಯ್ಯನ ವಂಶದವರೇ ಇವರು. ಅವರ ಮಿತಿಯೂ ಕನ್ಹಯ್ಯನದೇ: ಕೈದಿಯಾಗಿ ಸಿಕ್ಕ ಜಪಾನಿಯ ಗಾಯ ಹೊಲಿಯಬಹುದಿತ್ತು, ಆದರೆ ಜಪಾನೀಯರ ಹಿಡಿತದಲ್ಲಿದ್ದ ಊರುಗಳ ಚೀನೀ ರೋಗಿಗಳ ಬಳಿಗೆ ಬಹಿರಂಗವಾಗಿ ಹೋಗುವಂತಿರಲಿಲ್ಲ.