ಒದ್ದೆ ಸೌದೆಯ ಹೊಗೆ: ಮೂತ್ರಪಿಂಡದ ಚಿತ್ರವೂ ಅನುಮಾನ ಪ್ರಮಾಣವೂ

ಎಂಆರ್‌ಐ ಯಂತ್ರವು ಮೂತ್ರಪಿಂಡದ ಒಳಗನ್ನು ‘ತೋರಿಸುತ್ತದೆ’ ಎಂಬ ಮಾತು ಸಲೀಸಾಗಿ ಬಳಕೆಯಲ್ಲಿದೆಯಾದರೂ, ವಿಸರಣವನ್ನು ಅಳೆಯುವ ಎಂಆರ್‌ಐ ವಿಧಾನದ ಮಟ್ಟಿಗೆ ಈ ಕ್ರಿಯಾಪದವನ್ನು ಅರಿವಿನ ಸಾಧನಗಳನ್ನು ಪರಿಶೀಲಿಸುವ ಪ್ರಮಾಣಶಾಸ್ತ್ರದ ಒರೆಗೆ ಹಚ್ಚಿ ನೋಡಬೇಕಾಗುತ್ತದೆ. ಅಲ್ಲಿ ದೊರೆಯುವ ಅರಿವು ಇಂದ್ರಿಯಕ್ಕೆ ನೇರವಾಗಿ ದಕ್ಕುವ ಪ್ರತ್ಯಕ್ಷವೋ ಗುರುತೊಂದರಿಂದ ತರ್ಕಿಸಿ ತಿಳಿಯುವ ಅನುಮಾನವೋ ಎಂಬುದು ತೀರ್ಮಾನವಾಗದೆ ಆ ಚಿತ್ರವನ್ನು ಎಷ್ಟು ನಂಬಬೇಕೆಂಬುದೂ ತೀರ್ಮಾನವಾಗದು.

ವಿಸರಣವೆಂದರೆ ಶಾಖದ ಚೈತನ್ಯದಿಂದ ಅಣುಗಳು ಗೊತ್ತುಗುರಿಯಿಲ್ಲದೆ ಅಲೆದಾಡುವುದು. 1827ರಲ್ಲಿ ರಾಬರ್ಟ್ ಬ್ರೌನ್ ಸೂಕ್ಷ್ಮದರ್ಶಕದಡಿ ಕಂಡ ಕಣಗಳ ಕುಣಿತವನ್ನು ಈ ಅಲೆದಾಟದಿಂದಲೇ 1905ರಲ್ಲಿ ಐನ್‌ಸ್ಟೈನ್ ಗಣಿತದ ಮೂಲಕ ವಿವರಿಸಿದರು. ಸ್ಟೆಜ್‌ಸ್ಕಾಲ್ ಮತ್ತು ಟ್ಯಾನರ್ 1965ರಲ್ಲಿ ರೂಪಿಸಿದ ಕ್ರಮದಲ್ಲಿ, ಕಾಂತಕ್ಷೇತ್ರದ ಮೊದಲ ಮಿಡಿತವು ನೀರಿನ ಪ್ರತಿಯೊಂದು ಪ್ರೋಟಾನಿಗೆ ಅದು ಇರುವ ಜಾಗದ ಗುರುತು ಹಾಕುತ್ತದೆ, ಎರಡನೆಯದು ಆ ಗುರುತನ್ನು ಅಳಿಸುತ್ತದೆ. ಇದ್ದಲ್ಲೇ ಇದ್ದವುಗಳ ಗುರುತು ಪೂರ್ತಿ ಅಳಿಯುತ್ತದೆ, ಅಲೆದುಹೋದವುಗಳದು ಅಳಿಯದೆ ಸಂಕೇತ ಕುಗ್ಗುತ್ತದೆ. ಮಿಡಿತಗಳ ಬಲವನ್ನೂ ಅವಧಿಯನ್ನೂ ಸೂಚಿಸುವ ‘ಬಿ-ಮೌಲ್ಯ’ವನ್ನು ಬದಲಿಸಿ, ಸಂಕೇತ ಎಷ್ಟು ಕುಗ್ಗಿತೆಂಬುದರಿಂದ ಲೆಕ್ಕಹಾಕಿದ ಸಂಖ್ಯೆಗೆ ‘ತೋರಿಕೆಯ ವಿಸರಣ ಗುಣಾಂಕ’ವೆಂದು ಹೆಸರು. ಐವತ್ತು ಮಿಲಿಸೆಕೆಂಡಿನಲ್ಲಿ ಮೂತ್ರಪಿಂಡದ ನೀರಿನ ಅಣು ಸಾಗುವ ದೂರ ಮಿಲಿಮೀಟರಿನ ನೂರರಲ್ಲಿ ಎರಡು ಭಾಗದಷ್ಟು, ಆದರೆ ಚಿತ್ರದ ಒಂದು ಚುಕ್ಕೆಯ ಅಗಲವೇ ಎರಡು-ಮೂರು ಮಿಲಿಮೀಟರ್. ಅಂದರೆ ಯಂತ್ರ ಯಾವ ಅಣುವನ್ನೂ ಕಾಣುವುದಿಲ್ಲ, ಲೆಕ್ಕವಿಲ್ಲದಷ್ಟು ಅಣುಗಳ ಸರಾಸರಿಯನ್ನು ಊಹಿಸುತ್ತದೆ. ‘ತೋರಿಕೆಯ’ ಎಂಬ ವಿಶೇಷಣವನ್ನು ಹೆಸರಿನಲ್ಲೇ ಉಳಿಸಿಕೊಂಡ ಭೌತವಿಜ್ಞಾನಿಗಳ ಪ್ರಾಮಾಣಿಕತೆ ಮೆಚ್ಚತಕ್ಕದ್ದು.

ಆದ್ದರಿಂದ ಇದು ಅನುಮಾನ. ಮೂತ್ರಪಿಂಡ ಪಕ್ಷ (ಯಾವುದರ ಬಗ್ಗೆ ಹೇಳುತ್ತೇವೋ ಅದು), ನಾರುಗಟ್ಟಿದ ಅಂಗಾಂಶ ಸಾಧ್ಯ (ಅಲ್ಲಿ ಇದೆಯೆಂದು ಸಾಧಿಸಬೇಕಾದದ್ದು), ಕುಗ್ಗಿದ ವಿಸರಣ ಹೇತು (ಅದಕ್ಕೆ ಕೊಡುವ ಗುರುತು). ದೀರ್ಘಕಾಲದ ರೋಗದಲ್ಲಿ ಮೂತ್ರಪಿಂಡ ನಾರುಗಟ್ಟಿದಂತೆ ನೀರಿನ ಅಲೆದಾಟಕ್ಕೆ ಅಡ್ಡಿಯಾಗಿ ಗುಣಾಂಕ ಇಳಿಯುವುದು ನಿಜ. ಆದರೆ ಕೀವು ತುಂಬಿದ ಸೋಂಕಿನಲ್ಲೂ, ಜೀವಕೋಶಗಳು ಒತ್ತೊತ್ತಾಗಿ ಬೆಳೆದ ಗಡ್ಡೆಯಲ್ಲೂ ಅದು ಇಳಿಯುತ್ತದೆ. ಸಾಧ್ಯವಿಲ್ಲದ ಕಡೆಯೂ ಕಾಣಿಸಿಕೊಳ್ಳುವ ಇಂಥ ಹೇತುವನ್ನು ನ್ಯಾಯದರ್ಶನದ ತಾರ್ಕಿಕರಾದ ನೈಯಾಯಿಕರು ಸವ್ಯಭಿಚಾರವೆನ್ನುತ್ತಾರೆ. ಇನ್ನೂ ಸೂಕ್ಷ್ಮವಾದ ತೊಡಕು ಉಪಾಧಿಯದು, ಅಂದರೆ ಮರೆಯಲ್ಲಿ ಕೂಡಿಕೊಂಡಿರುವ ಇನ್ನೊಂದು ಷರತ್ತಿನದು. ಹೊಗೆಯಿದ್ದಲ್ಲಿ ಬೆಂಕಿ ಇದ್ದೇ ಇರುತ್ತದೆ, ಬೆಂಕಿಯಿದ್ದಲ್ಲಿ ಹೊಗೆ ಇರಲೇಬೇಕೆಂದಿಲ್ಲ. ಕಾದ ಕಬ್ಬಿಣದ ಗುಂಡಿನಲ್ಲಿ ಬೆಂಕಿಯಿದ್ದರೂ ಹೊಗೆಯಿಲ್ಲ, ಏಕೆಂದರೆ ಹೊಗೆಗೆ ಒದ್ದೆ ಸೌದೆಯೂ ಬೇಕು, ಆ ಒದ್ದೆ ಸೌದೆಯೇ ಉಪಾಧಿ. ಮೂತ್ರಪಿಂಡದಲ್ಲಿ ಈ ಒದ್ದೆ ಸೌದೆಯ ಜಾಗದಲ್ಲಿರುವುದು ರಕ್ತ. ಎಲ್ಲ ದಿಕ್ಕಿಗೂ ಹರಡಿರುವ ಲೋಮನಾಳಗಳಲ್ಲಿನ ಹರಿವು ವಿಸರಣದ ವೇಷ ಹಾಕಿಕೊಂಡು ಅಳತೆಯೊಳಗೆ ನುಸುಳುತ್ತದೆಂದು 1986ರಲ್ಲಿ ಲ ಬಿಹಾನ್ ಮತ್ತು ಸಂಗಡಿಗರು ತೋರಿಸಿದರು. ಹೃದಯ ಹೊರಹಾಕುವ ರಕ್ತದಲ್ಲಿ ಸುಮಾರು ಐದನೆಯ ಒಂದು ಭಾಗವನ್ನು ಪಡೆದು ದಿನಕ್ಕೆ ಸುಮಾರು 180 ಲೀಟರ್ ದ್ರವವನ್ನು ಸೋಸುವ ಈ ಅಂಗದಲ್ಲಿ, ನಾರಿನ ಎಳೆಯೊಂದೂ ಹೆಚ್ಚದೆ ರಕ್ತದ ಹರಿವಷ್ಟೇ ತಗ್ಗಿದರೂ ಗುಣಾಂಕ ಇಳಿಯಬಹುದು.

ಪ್ರತ್ಯಕ್ಷಕ್ಕೂ ಇಂದ್ರಿಯ ಮತ್ತು ವಿಷಯ ಎರಡೂ ನಿರ್ದೋಷವಾಗಿರಬೇಕೆಂಬ ನಿಯಮವನ್ನು ದ್ವೈತ ಪರಂಪರೆಯ ಜಯತೀರ್ಥರು ‘ಪ್ರಮಾಣಪದ್ಧತಿ’ಯಲ್ಲಿ ಇಟ್ಟಿದ್ದಾರೆ, ಉಸಿರಾಟದೊಂದಿಗೆ ಮೇಲೆ ಕೆಳಗೆ ಸರಿದಾಡುವ ಮೂತ್ರಪಿಂಡದಲ್ಲಿ ವಿಷಯದೋಷ ಸಹಜವಾಗಿಯೇ ಇದೆ. ಭ್ರಮೆಗೂ ಇಲ್ಲಿ ಎಡೆಯುಂಟು. ನೀರು ತುಂಬಿದ ಗುಳ್ಳೆಯು ಬಿ-ಮೌಲ್ಯ ಹೆಚ್ಚಿಲ್ಲದ ಚಿತ್ರದಲ್ಲಿ ಬೆಳ್ಳಗೆ ಹೊಳೆದು, ನೀರು ಕಟ್ಟಿಬಿದ್ದ ರೋಗದ ಜಾಗವೆಂದೇ ಕಾಣುತ್ತದೆ. ಪಕ್ಕದಲ್ಲಿ ಗುಣಾಂಕದ ನಕ್ಷೆಯನ್ನಿಟ್ಟು ನೋಡಿದರೆ ಅಲ್ಲಿಯೂ ಅದು ಬೆಳ್ಳಗಿರುತ್ತದೆ. ನಿಜವಾಗಿ ಅಡ್ಡಿಯಿದ್ದಿದ್ದರೆ ಗುಣಾಂಕ ಇಳಿದು ನಕ್ಷೆ ಕಪ್ಪಾಗಬೇಕಿತ್ತು. ಕಪ್ಪೆಚಿಪ್ಪನ್ನು ಬೆಳ್ಳಿಯೆಂದು ಬಗೆದವನಿಗೆ ‘ಇದು ಬೆಳ್ಳಿಯಲ್ಲ’ ಎಂಬ ಬಾಧಕ ಜ್ಞಾನ ಹುಟ್ಟುವುದು ಹೀಗೆಯೇ.

ಇಷ್ಟು ತೊಡಕಿನ ಹೇತುವನ್ನು ವೈದ್ಯರು ಕೈಬಿಡದಿರುವುದಕ್ಕೆ ಕಾರಣ, ಉಳಿದ ಪ್ರಮಾಣಗಳೂ ನಿರ್ದೋಷವಲ್ಲ ಎಂಬುದು. ರಕ್ತದಲ್ಲಿನ ಕ್ರಿಯಾಟಿನೈನ್ ಎಂಬ ತ್ಯಾಜ್ಯದ ಮಟ್ಟ ಮೂತ್ರಪಿಂಡದ ಸಾಮರ್ಥ್ಯ ಅರ್ಧದಷ್ಟು ಕಳೆಯುವವರೆಗೂ ಸುಮ್ಮನಿರಬಲ್ಲದು. ಚಿತ್ರ ಸ್ಪಷ್ಟವಾಗಲೆಂದು ಕೊಡುವ, ಗ್ಯಾಡೊಲಿನಿಯಂ ಇರುವ ಚುಚ್ಚುಮದ್ದಿಗೂ ತೀವ್ರ ಮೂತ್ರಪಿಂಡ ರೋಗಿಗಳ ಚರ್ಮ ಗಡುಸಾಗುವ ಕಾಯಿಲೆಗೂ ಸಂಬಂಧವಿದೆಯೆಂದು 2006ರಲ್ಲಿ ಬೆಳಕಿಗೆ ಬಂತು, ವಿಸರಣದ ಅಳತೆಗೆ ಅಂಥ ಮದ್ದು ಬೇಕಿಲ್ಲ. ಕಣ್ಣಾರೆ ಕಾಣುವ ಬಯಾಪ್ಸಿಯೇ ಅಂತಿಮವೆನ್ನುವವರೂ ಅನುಮಾನವನ್ನೇ ಆಶ್ರಯಿಸಿದ್ದಾರೆ: ಸೂಜಿಗೆ ಸಿಕ್ಕ ಎಳೆಯಿಂದ ಸುಮಾರು ಹತ್ತು ಲಕ್ಷ ಸೋಸುಘಟಕಗಳುಳ್ಳ ಇಡೀ ಮೂತ್ರಪಿಂಡದ ಸ್ಥಿತಿಯನ್ನು ಹೇಳುವುದು ಒಂದು ಅಗುಳನ್ನು ಹಿಸುಕಿ ಇಡೀ ಪಾತ್ರೆಯ ಅನ್ನ ಬೆಂದಿದೆಯೆಂದು ತಿಳಿಯುವ ಸ್ಥಾಲೀಪುಲಾಕ ನ್ಯಾಯ. ಎಲ್ಲ ಅಗುಳಿಗೂ ಒಂದೇ ಕಾವು ತಗಲಿದ್ದರೆ ಮಾತ್ರ ಆ ನ್ಯಾಯ ಸಲ್ಲುತ್ತದೆ. ನಾರುಗಟ್ಟುವಿಕೆಯಾದರೋ ಒಂದು ಕಡೆ ತಳಹಿಡಿದು ಇನ್ನೊಂದು ಕಡೆ ಅಕ್ಕಿಯಾಗಿಯೇ ಉಳಿದ ಅನ್ನದಂತೆ ತೇಪೆ ತೇಪೆಯಾಗಿ ಹರಡುತ್ತದೆ. ವಿಸರಣದ ನಕ್ಷೆ ಒಂದು ಅಗುಳನ್ನೂ ಹಿಸುಕಲಾರದಾದರೂ, ಪಾತ್ರೆಯ ಯಾವ ಮೂಲೆಗೆ ಸೌಟು ಹಾಕಬೇಕೆಂದು ಸುಳಿವು ಕೊಡಬಲ್ಲದು.